ಜಂಟಿ ವಿಜೇತರು

ನಮ್ಮ ಊರಿನ ಹೆಂಗಸರು ಯಾವ ಪಂದ್ಯದಲ್ಲೂ ಸೋಲುವುದಿಲ್ಲ. ಸೋಲಲು ಬಿಟ್ಟರೆ ತಾನೇ! ಕ್ಲಬ್ಬಿನ ವಾರ್ಷಿಕೋತ್ಸವವಿರಲಿ, ಓಣಂ ಆಟಗಳಿರಲಿ, ಶಾಲೆಯ ಮಾತೃಸಂಘದ ಕ್ರೀಡಾಕೂಟವಿರಲಿ, ಲಿಂಬೆ ಚಮಚ ಕಚ್ಚಿಕೊಂಡು ಗುರಿ ಮುಟ್ಟಿದವಳಿಗೂ ಅರ್ಧದಲ್ಲಿ ಲಿಂಬೆ ಬೀಳಿಸಿ ನಗುತ್ತಾ ನಿಂತವಳಿಗೂ ಒಂದೇ ಅಳತೆಯ ಸ್ಟೀಲ್ ಡಬ್ಬಿ ಸಿಗುತ್ತದೆ. ನನ್ನ ಅಡುಗೆಮನೆಯಲ್ಲಿ ಅಂಥ ಡಬ್ಬಿಗಳ ಒಂದು ಸಾಲೇ ಇದೆ. ಅವುಗಳಲ್ಲಿ ನಾನು ಗೆದ್ದು ತಂದದ್ದು ಯಾವುದು, ಸೋತು ತಂದದ್ದು ಯಾವುದು ಎಂದು ದೇವರಿಗೂ ಗೊತ್ತಿರಲಿಕ್ಕಿಲ್ಲ. ಮೆಣಸು ತುಂಬಿಸಲು ಅವನ್ನು ಕೆಳಗಿಳಿಸಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ನನ್ನ ಹೆಸರು ಜ್ಯೋತ್ಸ್ನಾ. ಮುಳ್ಳೇರಿಯದಲ್ಲಿ ನಮ್ಮದು ಪೈಂಟು ಮತ್ತು ಹಾರ್ಡ್‌ವೇರ್ ಅಂಗಡಿ. ಗಂಡ ಧನರಾಜ್ ಮೊದಲು ದೋಹಾದಲ್ಲಿ ಕೆಲಸದಲ್ಲಿದ್ದರು. ಕಂಪೆನಿಯ ಕ್ವಾರ್ಟರ್ಸಿನಲ್ಲಿ ಒಂದು ಟೆನಿಸ್ ಕೋರ್ಟ್ ಇತ್ತು. ಪಕ್ಕದ ಮನೆಯ ಫಿಲಿಪೀನ್ಸ್ ಹೆಂಗಸು ಒಂದು ದಿನ ಜೊತೆಗೆ ಯಾರೂ ಇಲ್ಲವೆಂದು ನನ್ನ ಕೈಗೆ ರಾಕೆಟ್ ಕೊಟ್ಟಳು. ಅವಳು ತನ್ನ ದೇಶಕ್ಕೆ ಹೋದಳು, ಹುಚ್ಚು ಮಾತ್ರ ನನ್ನಲ್ಲೇ ಉಳಿಯಿತು. ಊರಿಗೆ ವಾಪಸು ಬಂದ ಮೇಲೆ ಆಡುವುದೆಲ್ಲಿ? ಅಂಗಡಿಯ ಹಿಂದಿನ ಗೋಡೆಗೆ ಚೆಂಡು ಹೊಡೆದು ಹೊಡೆದು ಪ್ಲಾಸ್ಟರು ಉದುರತೊಡಗಿದಾಗ ಇವರೇ ಹೇಳಿದರು, "ನೀನು ಬೇರೆ ಯಾರದ್ದಾದರೂ ಗೋಡೆ ನೋಡು ಮಾರಾಯ್ತಿ."

ಹಾಗೆ ಕಣ್ಣಿಗೆ ಬಿದ್ದದ್ದು ಭುಜಂಗಣ್ಣನ ಕಲ್ಲುಕೋರೆ. ಭುಜಂಗಣ್ಣ ಕೆಂಪುಕಲ್ಲಿನ ವ್ಯಾಪಾರಿ, ನಮ್ಮ ಕ್ಲಬ್ಬಿನ ಅಧ್ಯಕ್ಷ. ಕಲ್ಲು ಮುಗಿದ ಅವನ ಒಂದು ಕೋರೆ ಪಾಳು ಬಿದ್ದಿತ್ತು. ಬೇರೆಯವರಿಗೆ ಅದು ಹೊಂಡ, ನನಗೆ ಮಾತ್ರ ಅದು ಕೋರ್ಟ್. ಯಂತ್ರವಿಟ್ಟು ಕಲ್ಲು ಕೊಯ್ದ ತಳ ಹಲಗೆಯಂತೆ ಸಮವಾಗಿತ್ತು. ಮೂರು ಬದಿಗೆ ಎರಡಾಳೆತ್ತರದ ಗೋಡೆ, ಚೆಂಡು ಹುಡುಕಲು ಗುಡ್ಡೆ ಹತ್ತುವ ಕೆಲಸವಿಲ್ಲ. ಒಂದು ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದು ಬಿಟ್ಟಿದ್ದರು, ಜನ ಕೂರಲು ಹೇಳಿ ಮಾಡಿಸಿದ ಹಾಗೆ. ಗರಗಸದ ಗೀರುಗಳಿಗೆ ಕಲ್ಲಿನ ಪುಡಿ ತುಂಬಿ, ನೀರು ಹೊಯ್ದು, ರೋಲರ್ ಎಳೆಸಿ, ಅಂಗಡಿಯ ಸುಣ್ಣದಿಂದ ಗೆರೆ ಹಾಕಿದೆವು. ಅಡಿಕೆ ಮರದ ಎರಡು ಕಂಬಕ್ಕೆ ಬಲೆ ಕಟ್ಟಿದೆವು. ಭುಜಂಗಣ್ಣ ಬಾಡಿಗೆ ಕೇಳಲಿಲ್ಲ. ಅವನು ಒಳ್ಳೆಯವನೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಜಗಳ ಕೆಟ್ಟವರ ಹತ್ತಿರ ಆದದ್ದಲ್ಲ, ಅದೇ ಕಷ್ಟ.

ಅವನ ಸೊಸೆ ನಮಿತಾ ಮೊದಲು ಬರೀ ನೋಡಲು ಬರುತ್ತಿದ್ದಳು. ಮದುವೆಗೆ ಮೊದಲು ಕಾಲೇಜಿನಲ್ಲಿ ಶಟಲ್ ಆಡಿದವಳು. ಒಂದು ಸಂಜೆ ಸಹಕಾರಿ ಸೊಸೈಟಿಯ ಕೆಲಸ ಮುಗಿಸಿ ಬಂದವಳು ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು, "ಅಕ್ಕಾ, ಒಂದು ಸಲ ಕೊಡಿ" ಎಂದಳು. ಕೊಟ್ಟೆ. ಮೂರು ವರ್ಷ ಕಲಿಸಿದೆ. ಮೂರು ವರ್ಷ ಸೋಲಿಸಿದೆ. ಕಲಿಯುವವಳೆಂದು ಒಂದು ಪಾಯಿಂಟನ್ನೂ ಬಿಟ್ಟುಕೊಟ್ಟವಳಲ್ಲ ನಾನು. ಅವಳೂ ಮುಖ ಸಣ್ಣದು ಮಾಡಿದವಳಲ್ಲ. ಸೋತ ಮರುದಿನ ನನಗಿಂತ ಮೊದಲು ಬಂದು ನೀರು ಹೊಯ್ಯುತ್ತಿದ್ದಳು.

ಈ ವರ್ಷ ಕ್ಲಬ್ಬಿನಿಂದ ಟೆನಿಸ್ ಟೂರ್ನಮೆಂಟ್ ಮಾಡುವುದೆಂದು ತೀರ್ಮಾನವಾಯಿತು. ಕಾರ್ಯದರ್ಶಿ ಯೋಗೀಶ ಮಾಷ್ಟ್ರು ಮೀಟಿಂಗಿನಲ್ಲಿ ಗಂಡಸರ ಸಿಂಗಲ್ಸ್, ಗಂಡಸರ ಡಬಲ್ಸ್ ಎಂದು ಓದಿ ನಿಲ್ಲಿಸಿದರು.

"ಹೆಂಗಸರದ್ದು?" ಎಂದೆ.

"ಉಂಟು ಉಂಟು," ಎಂದ ಭುಜಂಗಣ್ಣ. "ಸಭೆಗೆ ಮೊದಲು ಹೆಂಗಸರದ್ದು ಒಂದು ಪ್ರದರ್ಶನ ಪಂದ್ಯ ಮಾಡುವ. ಆಡಿದವರಿಗೆಲ್ಲ ಒಂದೊಂದು ಕುಕ್ಕರ್ ಕೊಡುವ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಕೊಡದಿದ್ದರೆ ಬೇಸರ ಆಗ್ತದೆ."

"ಗಂಡಸರಿಗೆ ಬೇಸರ ಆಗುವುದಿಲ್ಲವಾ?"

"ಅವರದ್ದು ಆಟ ಅಲ್ಲವಾ ಮಾರಾಯ್ತಿ."

ಆ ಮಾತಿಗೆ ನಾನು ಎದ್ದು ನಿಂತೆ. ಧನರಾಜ್ ಸೀರೆಯ ಸೆರಗು ಹಿಡಿದು ಜಗ್ಗಿದರು, ಕೂರಲಿಲ್ಲ. "ಕುಕ್ಕರ್ ನಮ್ಮ ಅಂಗಡಿಯ ಪಕ್ಕದಲ್ಲೇ ಸಿಗ್ತದೆ ಭುಜಂಗಣ್ಣ, ಬೇಕಾದರೆ ನಾನೇ ತೆಗೆದುಕೊಳ್ತೇನೆ. ನಮಗೆ ಯಾರ ಎದುರು ಯಾರು ಎಂಬ ಡ್ರಾ ಬೇಕು, ಅಂಪೈರ್ ಬೇಕು. ಮೊದಲ ಬಹುಮಾನ, ಎರಡನೇ ಬಹುಮಾನ ಬೇಕು. ಇಲ್ಲದಿದ್ದರೆ ನಾಳೆಯಿಂದ ಕೋರ್ಟಿಗೆ ಸುಣ್ಣ ನೀವೇ ತನ್ನಿ."

ಸುಣ್ಣದ ಮಾತು ಕೆಲಸ ಮಾಡಿತು. ಹೆಂಗಸರು ಸಿಗುವುದಿಲ್ಲ ಎಂದರು, ಬದಿಯಡ್ಕ, ಮಧೂರು, ಕಾಸರಗೋಡು ಎಂದು ಬಸ್ಸು ಹತ್ತಿ ಇಳಿದು ಎಂಟು ಜನರನ್ನು ಸೇರಿಸಿದೆ. ಒಬ್ಬಳಿಗೆ ಅತ್ತೆಯ ಅಪ್ಪಣೆ ಬೇಕಿತ್ತು, ಅತ್ತೆಯ ಜೊತೆ ಕೂತು ಚಹಾ ಕುಡಿದೆ. ಇನ್ನೊಬ್ಬಳಿಗೆ ಶೂ ಇರಲಿಲ್ಲ, ಅವಳ ಮಗಳ ಶಾಲೆಯ ಬಿಳಿ ಶೂ ಕಾಲಿಗೆ ಹಿಡಿಯಿತು. ಮೈಕಿಗೆ ಠಾಣೆಯಿಂದ ಪರ್ಮಿಶನ್ ತಂದದ್ದೂ ನಾನೇ.

ಮೈಕು ಹಿಡಿಯುವವನು ಶ್ಯಾಮ. ವಾಲಿಬಾಲ್, ಕಬಡ್ಡಿ, ಹಗ್ಗಜಗ್ಗಾಟ ಎಲ್ಲಕ್ಕೂ ನಮ್ಮ ಕಡೆ ಅವನದೇ ವೀಕ್ಷಕ ವಿವರಣೆ. ಉಸಿರು ತೆಗೆಯದೆ ಮಾತಾಡುವುದು ಅವನ ಹೆಮ್ಮೆ. ಟೆನಿಸಿನಲ್ಲಿ ಚೆಂಡು ಓಡಾಡುವಾಗ ಬಾಯಿ ಮುಚ್ಚಿರಬೇಕು ಎಂದಾಗ ಅವನು ನನ್ನನ್ನು ನೋಡಿದ ರೀತಿ ನೋಡಬೇಕಿತ್ತು.

"ಮಾತಾಡದಿದ್ದರೆ ಜನ ಎದ್ದು ಹೋಗ್ತಾರೆ ಜ್ಯೋತ್ಸ್ನಕ್ಕ."

"ಹೋಗಲಿ. ಚೆಂಡು ನಿಂತ ಮೇಲೆ ಎಷ್ಟು ಬೇಕಾದರೂ ಮಾತಾಡು."

ಜನವರಿಯ ಆ ಭಾನುವಾರ ಬೆಳಿಗ್ಗೆ ಸಜ್ಜಿಗೆ ಅವಲಕ್ಕಿ ತಿಂದು ಶುರುವಾದ ಆಟ ಚೆನ್ನಾಗಿಯೇ ನಡೆಯಿತು. ಕೋರೆಯ ಮೆಟ್ಟಿಲುಗಳು ತುಂಬಿದ್ದವು. ನಮ್ಮ ಅಂಗಡಿಯ ಪೈಂಟಿಂಗ್ ಏಣಿಯೇ ಅಂಪೈರಿನ ಕುರ್ಚಿ. ಶ್ಯಾಮ ಪಾಯಿಂಟುಗಳ ನಡುವೆ ಸಿಕ್ಕಿದ ಚೂರು ಸಮಯದಲ್ಲಿ ಕಟ್ಟೆ ಒಡೆದ ಹಾಗೆ ಮಾತಾಡಿ, ಸರ್ವ್ ಶುರುವಾದಾಗ ಕಷ್ಟಪಟ್ಟು ಬಾಯಿಗೆ ಕೈ ಇಟ್ಟುಕೊಳ್ಳುತ್ತಿದ್ದ. ಗಂಡಸರ ಮೊದಲ ಸುತ್ತಿನಲ್ಲೇ ಸೋತ ಒಬ್ಬ ಕೋರೆಯ ನೆಲ ಸರಿಯಿಲ್ಲ ಎಂದು ಕೂಗಾಡಿದ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಗಾದೆ ಮಾಡಿದವರು ಗಂಡಸರ ಟೆನಿಸ್ ನೋಡಿರಲಿಕ್ಕಿಲ್ಲ.

ಮಧ್ಯಾಹ್ನದ ಮೇಲೆ ಹೆಂಗಸರ ಫೈನಲ್. ನಾನು ಮತ್ತು ನಮಿತಾ.

ಮೊದಲ ಸೆಟ್ ನನ್ನದು. ಎಂದಿನ ಹಾಗೆಯೇ ಎಂದುಕೊಂಡೆ. ಎರಡನೇ ಸೆಟ್ಟಿನಲ್ಲಿ ಅವಳು ನನ್ನ ಎಡಬದಿಯನ್ನು ಹಿಡಿದಳು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆದಳು, ನಾನು ಕಲಿಸಿದ ಹಾಗೆಯೇ. ಎರಡನೆಯದು ಅವಳಿಗೆ ಹೋಯಿತು. ಮೂರನೆಯದರಲ್ಲಿ ನನ್ನ ಕಾಲು ಭಾರವಾಗತೊಡಗಿತು. ಬಿಸಿಲಿಗೆ ಕಾದ ಕೆಂಪುಕಲ್ಲು ಕೆಳಗಿನಿಂದ ಸುಡುತ್ತಿತ್ತು, ನನಗಿಂತ ಹದಿನೆಂಟು ವರ್ಷ ಚಿಕ್ಕವಳು ಆ ಕಡೆ ಕುಣಿಯುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಅದರ ಹಿಂದೆಯೇ ಹೆಮ್ಮೆಯೂ ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಐದು–ಮೂರರಲ್ಲಿ ಅವಳು ಮುಂದಿದ್ದಳು, ಸರ್ವ್ ಕೂಡ ಅವಳದೇ. ಆ ಒಂದು ಗೇಮ್ ಗೆದ್ದರೆ ಪಂದ್ಯವೇ ಅವಳದು.

ಆಗಲೇ ಮುಖ್ಯ ಅತಿಥಿಗಳ ಕಾರು ಬಂತು.

ನಮ್ಮ ಕಡೆ ಅತಿಥಿಗಳು ಹೇಳಿದ ಹೊತ್ತಿಗಿಂತ ಮೊದಲು ಬಂದ ಚರಿತ್ರೆಯೇ ಇಲ್ಲ. ಕೃಷ್ಣಕುಮಾರ್ ಎಂಬ ಈ ಜವಳಿ ವ್ಯಾಪಾರಿಗೆ ಬದಿಯಡ್ಕದಲ್ಲಿ ಯಾರದೋ ಮದುವೆಯ ರಿಸೆಪ್ಶನ್ ಇತ್ತಂತೆ, ಅದಕ್ಕೆ ಇಲ್ಲಿಯದನ್ನು ಬೇಗ ಮುಗಿಸಲು ಬಂದಿದ್ದರು. ಕೋರೆಯ ತೆರೆದ ಬದಿಯಲ್ಲಿ ವೇದಿಕೆ. ಭುಜಂಗಣ್ಣ ಶಾಲು ಹಿಡಿದು ಓಡಿದ. ಮೆಟ್ಟಿಲ ಮೇಲಿದ್ದ ಜನ ಎಲ್ಲ ಎದ್ದು ಆ ಕಡೆ ತಿರುಗಿದರು. ಶ್ಯಾಮನ ಬಾಯಿಗೆ ಬಿಡುಗಡೆ ಸಿಕ್ಕಿತು.

"ಇದೀಗ ನಮ್ಮೆಲ್ಲರ ನೆಚ್ಚಿನ, ಕೊಡುಗೈ ದಾನಿಗಳಾದ ಮಾನ್ಯರು ಆಗಮಿಸುತ್ತಿದ್ದಾರೆ! ಆಟಗಾರ್ತಿಯರು ಆಟವನ್ನು ನಿಲ್ಲಿಸಿ ಸಾಲಾಗಿ ನಿಂತು ಸ್ವಾಗತಿಸಬೇಕಾಗಿ ವಿನಂತಿ!"

ವಾಲಿಬಾಲಿನಲ್ಲಿ ಹಾಗೇ ಮಾಡುತ್ತಾರೆ. ಅತಿಥಿ ಬಂದರೆ ಆಟ ನಿಲ್ಲುತ್ತದೆ, ಎಲ್ಲರೂ ಸಾಲಾಗಿ ನಿಂತು ಕೈ ಕುಲುಕುತ್ತಾರೆ, ಫೋಟೋ ಆಗುತ್ತದೆ. ಆಮೇಲೆ ಭಾಷಣ. ಏಣಿಯ ಮೇಲಿದ್ದ ಯೋಗೀಶ ಮಾಷ್ಟ್ರು ಎರಡು ಮೆಟ್ಟಿಲು ಇಳಿದೂಬಿಟ್ಟಿದ್ದರು.

"ಮಾಷ್ಟ್ರೇ, ಮೇಲೆ ಹತ್ತಿ," ಎಂದೆ.

"ಅಲ್ಲ ಜ್ಯೋತ್ಸ್ನಕ್ಕ, ಅತಿಥಿಗಳು..."

"ಮಳೆ ಬಂದರೆ ನಿಲ್ಲಿಸುವ. ಕತ್ತಲಾದರೆ ನಿಲ್ಲಿಸುವ. ಜವಳಿ ಅಂಗಡಿಯವರು ಬಂದರೆ ನಿಲ್ಲಿಸುವುದು ಅಂತ ಯಾವ ರೂಲಲ್ಲಿ ಉಂಟು? ಹತ್ತಿ."

ಮಾಷ್ಟ್ರು ಹತ್ತಿದರು. ನಮಿತಾ ಮಾವನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಟ ನಿಂತರೆ ಸೋಲಿನಿಂದ ಉಳಿಯುವವಳು ನಾನೇ ಎಂದು ಇಬ್ಬರಿಗೂ ಗೊತ್ತಿತ್ತು. "ಸರ್ವ್ ಮಾಡು," ಎಂದೆ. ಅವಳು ಚೆಂಡನ್ನು ಎರಡು ಸಲ ನೆಲಕ್ಕೆ ಬಡಿದು ಮೇಲಕ್ಕೆಸೆದಳು.

ಆ ಗೇಮನ್ನು ನಾವಿಬ್ಬರೇ ಆಡಿದೆವು. ನೋಡುವವರು ಯಾರೂ ಇರಲಿಲ್ಲ. ಮೈಕಿನಲ್ಲಿ ಸ್ವಾಗತ, ಹೂಗುಚ್ಛ, ಪ್ರಾಯೋಜಕರ ಹೆಸರು, ಚೆಂಡು ರಾಕೆಟಿಗೆ ತಾಗಿದ ಸದ್ದು ಕೂಡ ಕೇಳದಷ್ಟು ಗದ್ದಲ. ನಾನು ಜೀವ ಬಿಟ್ಟು ಓಡಿದೆ. ಸೋಲಲು ಒಪ್ಪಿ ಆಡಿದೆನೆಂದು ಯಾರಾದರೂ ತಿಳಿದರೆ ಅವರಿಗೆ ನನ್ನ ಪರಿಚಯವಿಲ್ಲ. ಕೊನೆಯ ಪಾಯಿಂಟಿನಲ್ಲಿ ಅವಳು ನನ್ನನ್ನು ಎಡಕ್ಕೆ ಎಳೆದು, ಬಲದ ಗೆರೆಯ ಮೇಲೆ ಹೊಡೆದಳು. ಸುಣ್ಣ ಚಿಕ್ಕದಾಗಿ ಎದ್ದಿತು.

ಯೋಗೀಶ ಮಾಷ್ಟ್ರು ವೇದಿಕೆಯ ಕಡೆ ನೋಡುತ್ತಿದ್ದರು. ತಿರುಗಿ, ಸಂಕೋಚದಿಂದ ಕೇಳಿದರು, "ಎಲ್ಲಿ ಬಿತ್ತು?"

"ಒಳಗೆ," ಎಂದೆ. ಅಂಗೈ ನೆಲಕ್ಕೆ ಮಾಡಿ ತೋರಿಸಿದೆ.

ಪಂದ್ಯ ಮುಗಿಯಿತೆಂದು ಮಾಷ್ಟ್ರು ಹೇಳಿದ್ದು ಏಣಿಯ ಬುಡದಲ್ಲಿ ನಿಂತವರಿಗೂ ಕೇಳಿಸಿರಲಿಕ್ಕಿಲ್ಲ. ನಮಿತಾ ಬಲೆಯ ಹತ್ತಿರ ಬಂದು ಕೈ ಕೊಟ್ಟಳು. ಅವಳ ನಗು ಬಾಯಿಯಲ್ಲಿ ನಿಲ್ಲುತ್ತಿರಲಿಲ್ಲ. ನನಗೆ ಅಳು ಬರುವ ಹಾಗಿತ್ತು. ಮುಖ ತೊಳೆಯಲು ನೀರಿನ ಡ್ರಮ್ಮಿನ ಕಡೆ ಹೋದೆ.

ಅಲ್ಲಿಗೇ ಮಾಷ್ಟ್ರು ಬಂದರು. "ನಿಮ್ಮನ್ನು ಇಬ್ಬರನ್ನೂ ಜಂಟಿ ವಿಜೇತರು ಅಂತ ಕರೆಯುವುದಂತೆ. ಅಧ್ಯಕ್ಷರು ಹೇಳಿದರು. ಪಂದ್ಯ ಅರ್ಧದಲ್ಲಿ ನಿಂತದ್ದು ಅಂತ."

"ನಿಂತದ್ದು ಯಾವಾಗ? ನೀವು ಏಣಿಯ ಮೇಲೆ ಇರಲಿಲ್ಲವಾ?"

"ಇದ್ದೆ. ಆದರೆ ಅಧ್ಯಕ್ಷರು..." ಎಂದು ಅವರು ಚಪ್ಪಲಿ ನೋಡತೊಡಗಿದರು. ಅವರ ಹತ್ತಿರ ಮಾತಾಡಿ ಪ್ರಯೋಜನವಿರಲಿಲ್ಲ. ಮುಖ ಒರೆಸದೆಯೇ ವೇದಿಕೆಯ ಹಿಂದೆ ಹೋಗಿ ಭುಜಂಗಣ್ಣನನ್ನು ಹಿಡಿದೆ.

ಅವನು ನನ್ನನ್ನು ಬದಿಗೆ ಕರೆದು ಮೆತ್ತಗೆ ಹೇಳಿದ, "ನೀನೇ ಯೋಚನೆ ಮಾಡು ಜ್ಯೋತ್ಸ್ನಾ. ನನ್ನ ಕೋರೆ, ನಾನು ಅಧ್ಯಕ್ಷ, ನನ್ನ ಸೊಸೆಗೇ ಮೊದಲ ಬಹುಮಾನ. ಊರವರು ಎಂತ ಹೇಳಿಯಾರು? ಮನೆಯವರಿಗೆ ಮಾಡಿಕೊಂಡ ಅಂತ ಹೇಳ್ತಾರೆ. ಇನ್ನು ನಿನಗೂ, ಕಲಿಸಿದವಳು ಸೋತಳು ಅಂತ ಮೈಕಿನಲ್ಲಿ ಕೂಗುವುದು ಚಂದವಾ? ಇಬ್ಬರಿಗೂ ಮರ್ಯಾದೆ ಉಳಿಯಿತು. ಕುಕ್ಕರೂ ಎರಡು ಉಂಟು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸುಳ್ಳು ಹೇಳುವುದಿಲ್ಲ, ಆ ಕ್ಷಣ ಅವನ ಮಾತು ನನಗೆ ಸಿಹಿಯಾಗಿಯೇ ಕೇಳಿಸಿತು. ಯಾರೂ ನೋಡಿರಲಿಲ್ಲ. ನಾಳೆ ಅಂಗಡಿಗೆ ಬರುವ ಪ್ರತಿಯೊಬ್ಬನೂ "ಸೋತಿರಂತೆ?" ಎಂದು ಹಲ್ಲು ಕಿರಿಯುವುದು ತಪ್ಪುತ್ತಿತ್ತು. ನಾನು ಏನೂ ಹೇಳದೆ ಈಚೆಗೆ ಬಂದೆ.

ನಮಿತಾ ಕಲ್ಲಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ಸುದ್ದಿ ಅವಳಿಗೂ ಮುಟ್ಟಿತ್ತು. ನಗು ಎಲ್ಲಿಗೋ ಹೋಗಿತ್ತು.

"ಇರಲಿ ಅಕ್ಕ," ಎಂದಳು. "ಮಾವ ಹೇಳಿದ ಮೇಲೆ ನಾನು ಎಂತ ಹೇಳುವುದು? ಮನೆಗೆ ಹೋಗಬೇಕಲ್ಲ." ಲೇಸು ಎಳೆಯುತ್ತಾ, ತಲೆ ಎತ್ತದೆ ಕೇಳಿದಳು, "ಅಕ್ಕಾ, ಆ ಬಾಲ್ ಸರಿಯಾಗಿ ಒಳಗೇ ಬಿದ್ದದ್ದಾ? ನೀವು ಸುಮ್ಮನೆ ನನಗೆ ಬೇಕಾಗಿ ಹೇಳಿದ್ದಲ್ಲವಲ್ಲ?"

ನನ್ನ ಮೈಯೆಲ್ಲ ಉರಿದುಹೋಯಿತು. ಗೆದ್ದು ಅರ್ಧ ಗಂಟೆ ಆಗಿರಲಿಲ್ಲ, ಆಗಲೇ ಅವಳಿಗೆ ತನ್ನ ಗೆಲುವಿನ ಮೇಲೆ ಸಂಶಯ ಬಂದಿತ್ತು. ನಾಳೆಗೆ ಅದು ಕನಸಾಗುತ್ತದೆ, ಒಂದು ವರ್ಷ ಕಳೆದರೆ ಅವಳೇ "ಒಮ್ಮೆ ನಾನೂ ಅಕ್ಕನೂ ಒಟ್ಟಿಗೆ ಗೆದ್ದಿದ್ದೆವು" ಎಂದು ಹೇಳುತ್ತಾಳೆ. ಮೂರು ವರ್ಷ ನೀರು ಹೊಯ್ದು, ಸೋತು, ಮತ್ತೆ ಬಂದು ಸಂಪಾದಿಸಿದ್ದನ್ನು ನಾವೆಲ್ಲ ಸೇರಿ ಮರ್ಯಾದೆಯ ಹೆಸರಿನಲ್ಲಿ ಅವಳ ಕೈಯಿಂದ ಕಿತ್ತುಕೊಳ್ಳುತ್ತಿದ್ದೆವು. ಮಾವನ ಎದುರು ಅವಳು ಬಾಯಿ ಬಿಡುವ ಹಾಗಿರಲಿಲ್ಲ. ಬಿಟ್ಟರೂ, ಗೆದ್ದವಳು ತಾನೇ ಗೆದ್ದೆನೆಂದರೆ ಯಾರು ನಂಬುತ್ತಾರೆ? ಹೇಳಬೇಕಾದವಳು ನಾನೇ, ಸೋತವಳು.

"ಶೂ ಹಾಕು," ಎಂದೆ. "ವೇದಿಕೆಗೆ ಬರಿಗಾಲಲ್ಲಿ ಬರಬೇಡ."

ಪ್ರಾರ್ಥನೆ, ಸ್ವಾಗತ, ಭಾಷಣ ಎಲ್ಲ ಮುಗಿದು ನಮ್ಮ ಸರದಿ ಬಂತು. "ಮಹಿಳೆಯರ ವಿಭಾಗದ ಜಂಟಿ ವಿಜೇತರು!" ಎಂದು ಶ್ಯಾಮ ರಾಗ ಎಳೆದ. ಜನ ಚಪ್ಪಾಳೆ ತಟ್ಟಿದರು. ಅತಿಥಿಗಳ ಕೈಯಲ್ಲಿ ಒಂದು ಕುಕ್ಕರ್, ಭುಜಂಗಣ್ಣನ ಕೈಯಲ್ಲಿ ಅದರ ಜೋಡಿ. ನಾನು ವೇದಿಕೆ ಹತ್ತಿ ನೇರ ಶ್ಯಾಮನ ಹತ್ತಿರ ಹೋಗಿ ಮೈಕು ತೆಗೆದುಕೊಂಡೆ. ಯಾರೂ ಹಾಗೆ ಕಿತ್ತುಕೊಂಡ ಅಭ್ಯಾಸವಿಲ್ಲದ ಕಾರಣ ಅವನಿಗೆ ಕೊಡದಿರಲು ತಿಳಿಯಲಿಲ್ಲ.

"ಇಲ್ಲಿ ಜಂಟಿ ಯಾರೂ ಇಲ್ಲ," ಎಂದೆ. "ಫೈನಲಲ್ಲಿ ನಾನು ಸೋತಿದ್ದೇನೆ. ನಮಿತಾ ಗೆದ್ದಿದ್ದಾಳೆ. ಆಟ ಪೂರ್ತಿ ಆಗಿದೆ. ನೀವೆಲ್ಲ ಕಾರು ನೋಡ್ತಾ ಇದ್ದಿರಿ."

ಧನರಾಜ್ ಮೊದಲ ಮೆಟ್ಟಿಲಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡದ್ದು ಕಂಡಿತು. ಭುಜಂಗಣ್ಣ ಹಲ್ಲು ಕಚ್ಚಿ, "ಜ್ಯೋತ್ಸ್ನಾ, ಸಾಕು," ಎಂದ. ಮೇಲಿನಿಂದ ಯಾರೋ ಕೂಗಿದರು, "ಸಾಕ್ಷಿ ಯಾರು?"

"ಸೋತವಳೇ ಹೇಳ್ತಾ ಇದ್ದಾಳೆ. ಬೇರೆ ಸಾಕ್ಷಿ ಎಂತಕ್ಕೆ?"

ಆಗ ಜನ ನಕ್ಕರು. ಅತಿಥಿಗಳೂ ನಕ್ಕು, ವಾಚು ನೋಡಿಕೊಂಡು, ದೊಡ್ಡ ಮನಸ್ಸಿನಿಂದ ಹೇಳಿದರು, "ಅದಕ್ಕೆಂತ ಮೇಡಂ, ಇನ್ನೊಮ್ಮೆ ಒಂದು ಗೇಮ್ ಆಡಿ ತೋರಿಸಿ. ನಾವೂ ನೋಡಿದ ಹಾಗೆ ಆಯಿತು, ತೀರ್ಮಾನವೂ ಆಯಿತು."

"ಇಲ್ಲ ಸಾರ್. ತೀರ್ಮಾನ ಆಗಿದೆ. ನಿಮಗೆ ನೋಡಲಿಕ್ಕೆ ಆಗಲಿಲ್ಲ, ಅದು ನಿಮ್ಮ ನಷ್ಟ. ಅವಳು ಎರಡು ಸಲ ಗೆಲ್ಲಬೇಕಾಗಿಲ್ಲ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ಗಂಡಸರ ಗಾದೆ. ನನಗೆ ಮೀಸೆಯೂ ಇಲ್ಲ, ಮಣ್ಣಿನ ಹೆದರಿಕೆಯೂ ಇಲ್ಲ. ಭುಜಂಗಣ್ಣನ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ಮನೆಯವರಿಗೆ ಮಾಡಿಕೊಂಡ ಅಂತ ಯಾರಾದರೂ ಹೇಳಿದರೆ ನನ್ನ ಅಂಗಡಿಗೆ ಕಳಿಸಿ ಭುಜಂಗಣ್ಣ. ಅವಳು ಹೇಗೆ ಗೆದ್ದದ್ದು ಅಂತ ನಾನು ಹೇಳ್ತೇನೆ. ನನ್ನಷ್ಟು ಚೆನ್ನಾಗಿ ಗೊತ್ತಿರುವವರು ಬೇರೆ ಯಾರೂ ಇಲ್ಲ."

ನಮಿತಾ ವೇದಿಕೆಯ ಮೂಲೆಯಲ್ಲಿ ನಿಂತಿದ್ದಳು. ಮೈಕನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಹಿಡಿದ ರೀತಿ ನೋಡಿ ಎಲ್ಲಿ ಬೀಳಿಸುತ್ತಾಳೋ ಎಂದುಕೊಂಡೆ. ಭುಜಂಗಣ್ಣ ಅವಳನ್ನೇ ನೋಡುತ್ತಿದ್ದ. ಅವಳು ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ನಾನು ಗೆದ್ದೆ, ಮಾವ," ಎಂದಳು.

ಭುಜಂಗಣ್ಣ ಕೈಯಲ್ಲಿದ್ದ ಕುಕ್ಕರನ್ನು ಮೇಜಿನ ಮೇಲಿಟ್ಟ. ಎಷ್ಟಾದರೂ ಅವನು ನಲವತ್ತು ವರ್ಷ ವಾಲಿಬಾಲ್ ಆಡಿಸಿದವನು. ಬಾಯಿ ತಡೆಯಲಾರದೆ ಕೇಳಿಯೇಬಿಟ್ಟ, "ಎಷ್ಟಕ್ಕೆ?"

"ಕೊನೆಯ ಸೆಟ್ ಆರು–ನಾಲ್ಕು," ಎಂದಳು ನಮಿತಾ, ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿ.

ಪಾಪ, ಅಕ್ಕನ ಮರ್ಯಾದೆಗೆ ಒಂದು ಗೇಮ್ ಸೇರಿಸಿದ್ದಳು. ನನ್ನ ಕೈಯಲ್ಲಿ ಮೈಕು ಇರಲಿಲ್ಲ, ಬೇಕಾಗಲೂ ಇಲ್ಲ.

"ಆರು–ಮೂರು ಮಾರಾಯ್ತಿ!" ಎಂದು ಕಿರುಚಿದೆ. "ಸರಿಯಾಗಿ ಹೇಳು!"

ಅವಳು ಬೆನ್ನು ನೆಟ್ಟಗೆ ಮಾಡಿ ನಿಂತು, ಮೈಕನ್ನು ಬಾಯಿಯ ಹತ್ತಿರ ತಂದು, ಮಾವನಿಗೆ ಮತ್ತೊಮ್ಮೆ ಹೇಳಿದಳು.

"ಆರು–ಮೂರು."